ಇಮ್ಯುನಿಟಿಗೆ ಬ್ರೇಕ್ ಹಾಕುವ ಕೋಶಗಳಿಗೆ ನೊಬೆಲ್ ಯಾಕೆ?

2025ರ ಅಕ್ಟೋಬರ್ 6ರಂದು ವೈದ್ಯಕೀಯ ನೊಬೆಲ್ ಪ್ರಕಟವಾಯಿತು. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಜಪಾನಿನ ಶಿಮೊನ್ ಸಕಾಗುಚಿ, ಈ ಮೂವರಿಗೆ ಬಹುಮಾನ. ರಾಮ್ಸ್‌ಡೆಲ್ ಆ ಹೊತ್ತಿಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬೆಟ್ಟಗುಡ್ಡ ಸುತ್ತುತ್ತಿದ್ದರು. ನೊಬೆಲ್ ಸಮಿತಿಯವರು ಎಷ್ಟು ಪ್ರಯತ್ನಿಸಿದರೂ ಕೈಗೆ ಸಿಗಲಿಲ್ಲ. ಈ ಕಥೆ ಎಲ್ಲರಿಗೂ ನೆನಪಿದೆ. ಬಹುಮಾನ ಯಾವುದಕ್ಕೆ ಬಂತು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ.

ಅದರಲ್ಲಿ ಅವರ ತಪ್ಪೇನೂ ಇಲ್ಲ. ಇಷ್ಟು ವರ್ಷ ಎಲ್ಲರೂ ಕೇಳಿಕೊಂಡು ಬಂದದ್ದು ಒಂದೇ ಮಾತು: ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ. ಈಗ ನೋಡಿದರೆ, ಅದೇ ಇಮ್ಯುನಿಟಿಯನ್ನು ಹಿಡಿದು ನಿಲ್ಲಿಸುವ ಕೋಶಗಳನ್ನು ಕಂಡುಹಿಡಿದವರಿಗೆ ಬಹುಮಾನ. ಆ ಕೋಶಗಳ ಹೆಸರು ರೆಗ್ಯುಲೇಟರಿ ಟಿ ಕೋಶ. ಟಿ ಕೋಶ ಅಂದರೆ ದೇಹ ಕಾಯುವ ಒಂದು ಜಾತಿಯ ಬಿಳಿ ರಕ್ತಕಣ, ಇವು ಅದರಲ್ಲೇ ಒಂದು ಬಗೆ. ವಿಜ್ಞಾನಿಗಳು ಚುಟುಕಾಗಿ ಟ್ರೆಗ್ ಅನ್ನುತ್ತಾರೆ. ತಡೆದು ನಿಲ್ಲಿಸುವುದರಲ್ಲಿ ಅಂಥ ದೊಡ್ಡ ವಿಷಯ ಏನಿದೆ?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ದೇಹದ ಈ ಕಾವಲು ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಳೆದ ನೂರಿಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನಾಲ್ಕಾರು ಸಿದ್ಧಾಂತಗಳು ಬಂದಿವೆ. ಒಂದರ ತೂತು ಮುಚ್ಚಲು ಇನ್ನೊಂದು ಬಂತು. ಹಳೆಯದು ಪೂರ್ತಿ ಸತ್ತಿಲ್ಲ, ಹೊಸದು ಪೂರ್ತಿ ಗೆದ್ದಿಲ್ಲ. ಟ್ರೆಗ್ ಕೂಡ ಇದೇ ಜಗಳದ ನಡುವೆ ಹುಟ್ಟಿ, ಒಮ್ಮೆ ಸತ್ತು, ಮತ್ತೆ ಎದ್ದು ಬಂದ ವಿಚಾರ.

'ಶಕ್ತಿ' ಅನ್ನುವ ಪದದ ತೊಂದರೆ

ಕನ್ನಡದಲ್ಲಿ ನಾವು ರೋಗನಿರೋಧಕ ಶಕ್ತಿ ಅನ್ನುತ್ತೇವೆ. ಶಕ್ತಿ ಅಂದ ಕೂಡಲೇ ಅದು ಅಳತೆಯ ವಸ್ತು ಅನ್ನಿಸುತ್ತದೆ. ಇದ್ದಷ್ಟೂ ಒಳ್ಳೆಯದು, ಇಳಿದರೆ ಕಷ್ಟ. ಎಚ್‌ಐವಿಯಂಥ ಸೋಂಕಿನಲ್ಲಿ ಈ ಲೆಕ್ಕ ಸರಿಯಾಗಿಯೇ ಇದೆ. ಬೇರೆ ಕಡೆ ತಲೆಕೆಳಗಾಗುತ್ತದೆ.

ಟೈಪ್ 1 ಡಯಾಬಿಟಿಸ್ ತೆಗೆದುಕೊಳ್ಳಿ. ಅಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುವುದು ಯಾವ ರೋಗಾಣುವೂ ಅಲ್ಲ, ನಮ್ಮದೇ ಟಿ ಕೋಶಗಳು. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳ ಮೇಲೆ ದಾಳಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರಗಳ ಹೊದಿಕೆಯ ಮೇಲೆ. ಇವನ್ನು ಆಟೋಇಮ್ಯೂನ್ ಕಾಯಿಲೆಗಳು ಅನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇನ್ನು ಅಲರ್ಜಿ ಅಂದರೆ ಹೂವಿನ ಪರಾಗದಂಥ ನಿರುಪದ್ರವಿ ವಸ್ತುವಿನ ಮೇಲೆ ದೇಹ ಯುದ್ಧ ಸಾರುವುದು. ಇಲ್ಲೆಲ್ಲ ಶಕ್ತಿಗೆ ಏನೂ ಕೊರತೆಯಿಲ್ಲ. ತಪ್ಪಿದ್ದು ತೀರ್ಮಾನ.

ಹಾಗಾಗಿ ನಿಜವಾದ ಪ್ರಶ್ನೆ ಎಷ್ಟು ಶಕ್ತಿ ಎಂಬುದಲ್ಲ. ಯಾರ ಮೇಲೆ ಏರಿ ಹೋಗಬೇಕು, ಯಾವಾಗ ಹೋಗಬೇಕು, ಯಾವಾಗ ವಾಪಸ್ ಬರಬೇಕು? ಇದನ್ನು ತೀರ್ಮಾನಿಸುವವರು ಯಾರು? ಮುಂದೆ ಬರುವ ಸಿದ್ಧಾಂತಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆಬೇರೆ ಉತ್ತರಗಳು.

ಇಷ್ಟೊಂದು ಬಗೆಯ ಕೀಲಿಗಳು ಎಲ್ಲಿಂದ ಬಂದವು?

ಮೊದಲ ಒಗಟು ಪ್ರತಿಕಾಯಗಳದ್ದು. ಒಂದು ವಿಷ ಅಥವಾ ರೋಗಾಣು ಒಳಗೆ ಬಂದರೆ, ಅದಕ್ಕೇ ಸರಿಯಾಗಿ ಅಂಟಿಕೊಳ್ಳುವ ಪ್ರೊಟೀನ್ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಬೀಗಕ್ಕೆ ತಕ್ಕ ಕೀಲಿಯ ಹಾಗೆ. ಜರ್ಮನಿಯ ಪಾಲ್ ಎರ್ಲಿಕ್ 1897ರಲ್ಲಿ ಒಂದು ವಿವರಣೆ ಕೊಟ್ಟರು. ಈ ಕೀಲಿಗಳು ಕೋಶದ ಮೈಮೇಲೆ ಮೊದಲೇ ಇರುತ್ತವೆ. ವಿಷ ಬಂದು ಒಂದಕ್ಕೆ ಸಿಕ್ಕಿಕೊಂಡಾಗ, ಕೋಶ ಅದೇ ಕೀಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಇದಕ್ಕೆ ಪೆಟ್ಟು ಕೊಟ್ಟವರು ಕಾರ್ಲ್ ಲ್ಯಾಂಡ್‌ಸ್ಟೈನರ್. ರಕ್ತದ ಗುಂಪುಗಳನ್ನು ಗುರುತಿಸಿದವರೂ ಇವರೇ. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ, ಲ್ಯಾಬಿನಲ್ಲಿ ಮಾಡಿದ ರಾಸಾಯನಿಕಗಳನ್ನು ಪ್ರೊಟೀನಿಗೆ ಅಂಟಿಸಿ ಪ್ರಾಣಿಗಳಿಗೆ ಚುಚ್ಚಿದರು. ಅವಕ್ಕೂ ಪ್ರತಿಕಾಯ ಹುಟ್ಟಿತು. ನಿನ್ನೆ ಮೊನ್ನೆ ತಯಾರಾದ ವಸ್ತುವಿಗೆ ದೇಹ ಮೊದಲೇ ಕೀಲಿ ಮಾಡಿಟ್ಟಿರಲು ಹೇಗೆ ಸಾಧ್ಯ?

ಆಗ ಬಂದದ್ದು ಅಚ್ಚಿನ ಸಿದ್ಧಾಂತ. ಅಮೆರಿಕದ ಪ್ರಖ್ಯಾತ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1940ರಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟರು. ಒಳಗೆ ಬಂದ ವಸ್ತುವೇ ಅಚ್ಚು, ಪ್ರತಿಕಾಯ ಅದರ ಸುತ್ತ ಮಡಚಿಕೊಂಡು ಆಕಾರ ಪಡೆಯುತ್ತದೆ ಎಂದು. ಕೇಳಲು ಸೊಗಸಾಗಿದೆ. ಆದರೆ ಅಚ್ಚು ಹೋದ ಎಷ್ಟೋ ವರ್ಷದ ಮೇಲೂ ಪ್ರತಿಕಾಯ ಯಾಕೆ ಇರುತ್ತದೆ? ಎರಡನೇ ಸಲ ಅದೇ ರೋಗ ಬಂದರೆ ದೇಹ ಯಾಕೆ ಬೇಗ, ಇನ್ನೂ ಚೆನ್ನಾಗಿ ಉತ್ತರ ಕೊಡುತ್ತದೆ? ಅಚ್ಚಿನ ಬಳಿ ಉತ್ತರವಿರಲಿಲ್ಲ.

ಗಂಟು ಬಿಚ್ಚಿದ್ದು 1950ರ ದಶಕದಲ್ಲಿ. ನೀಲ್ಸ್ ಯೆರ್ನೆ 1955ರಲ್ಲಿ ದಾರಿ ತೋರಿದರು. 1957ರಲ್ಲಿ ಆಸ್ಟ್ರೇಲಿಯಾದ ಮೆಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಡೇವಿಡ್ ಟಾಲ್ಮೇಜ್ ಬೇರೆಬೇರೆಯಾಗಿ ಒಂದೇ ಕಡೆ ಬಂದು ಮುಟ್ಟಿದರು. ಒಂದು ಕೋಶಕ್ಕೆ ಒಂದೇ ಬಗೆಯ ಕೀಲಿ. ಇಂಥ ಕೋಟ್ಯಂತರ ಬೇರೆಬೇರೆ ಕೋಶಗಳು ಸುಮ್ನೆ ತಿರುಗಾಡಿಕೊಂಡಿರುತ್ತವೆ. ರೋಗಾಣು ಬಂದಾಗ ಯಾರ ಕೀಲಿ ಕೂರುತ್ತದೋ ಆ ಕೋಶ ಮಾತ್ರ ಹತ್ತಾಗಿ, ಸಾವಿರವಾಗಿ, ಲಕ್ಷವಾಗಿ ಬೆಳೆಯುತ್ತದೆ. ರೋಗ ಹೋದ ಮೇಲೂ ಅದರ ಒಂದಷ್ಟು ಮಕ್ಕಳು ಉಳಿದುಕೊಳ್ಳುತ್ತವೆ. ನೆನಪು ಅಂದರೆ ಇದೇ. ಲಸಿಕೆ ಕೆಲಸ ಮಾಡುವುದೂ ಇದರಿಂದಲೇ.

ಬರ್ನೆಟ್ ಈ ಲೇಖನವನ್ನು ಜಗತ್ತಿನಲ್ಲಿ ಹೆಚ್ಚಿನವರು ಓದದ ಒಂದು ಆಸ್ಟ್ರೇಲಿಯನ್ ಪತ್ರಿಕೆಯಲ್ಲಿ ಹಾಕಿದರು. ಸರಿಯಾದರೆ ಮೊದಲು ಹೇಳಿದ್ದು ನಾನೇ ಅನ್ನಬಹುದು, ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ! ಒಳ್ಳೆಯ ಲೆಕ್ಕಾಚಾರ, ಅಲ್ವಾ? ಮರುವರ್ಷವೇ ಗಸ್ಟಾವ್ ನೊಸಲ್ ಮತ್ತು ಜೋಷುವಾ ಲೆಡರ್‌ಬರ್ಗ್ ಒಂದೊಂದೇ ಕೋಶವನ್ನು ಬೇರ್ಪಡಿಸಿ, ಒಂದು ಕೋಶ ಒಂದೇ ಬಗೆಯ ಪ್ರತಿಕಾಯ ಮಾಡುತ್ತದೆ ಎಂದು ತೋರಿಸಿದರು. ಲ್ಯಾಂಡ್‌ಸ್ಟೈನರ್ ಪ್ರಶ್ನೆಗೆ ಉತ್ತರ 1976ರಲ್ಲಿ ಸಿಕ್ಕಿತು. ಪ್ರತಿಕಾಯದ ಜೀನ್‌ಗಳು ತುಂಡುತುಂಡಾಗಿದ್ದು, ಪ್ರತಿ ಕೋಶವೂ ಅವನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ತನ್ನದೇ ಜೋಡಣೆ ಮಾಡಿಕೊಳ್ಳುತ್ತದೆ ಎಂದು ಸುಸುಮು ಟೊನೆಗಾವಾ ಕಂಡುಕೊಂಡರು. ಎಲ್ಲವೂ ಅಡ್ಡಾದಿಡ್ಡಿಯಾಗಿ ತಯಾರಾಗುವುದರಿಂದಲೇ, ಹಿಂದೆ ಕಾಣದ ವಸ್ತುವಿಗೂ ಯಾವುದೋ ಒಂದು ಕೀಲಿ ಕೂರುತ್ತದೆ.

ನಮ್ಮವರು, ಹೊರಗಿನವರು

ಅಡ್ಡಾದಿಡ್ಡಿಯಾಗಿ ಮಾಡಿದರೆ ಒಂದು ಅಪಾಯ ಇದ್ದೇ ಇದೆ. ನಮ್ಮದೇ ಮೈಗೆ ಕೂರುವ ಕೀಲಿಗಳೂ ಹುಟ್ಟುತ್ತವೆ. ಅವುಗಳ ಗತಿ ಏನು?

ಸುಳಿವು ಕೊಟ್ಟದ್ದು ಅವಳಿ ಕರುಗಳು. ಒಂದೇ ಗರ್ಭದಲ್ಲಿ ಬೆಳೆದ, ಆದರೆ ತದ್ರೂಪಿಗಳಲ್ಲದ ಕರುಗಳಿಗೆ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಹುಟ್ಟಿದ ಮೇಲೂ ಒಂದರ ರಕ್ತಕಣಗಳು ಇನ್ನೊಂದರಲ್ಲಿ ಜೀವನಪೂರ್ತಿ ಬದುಕಿರುತ್ತವೆ ಎಂದು ರೇ ಓವನ್ 1945ರಲ್ಲಿ ತೋರಿಸಿದರು. ಹೊರಗಿನ ಕೋಶ, ಆದರೂ ಜಗಳವಿಲ್ಲ. 1953ರಲ್ಲಿ ಪೀಟರ್ ಮೆಡವಾರ್ ತಂಡ ಇಲಿಗಳಲ್ಲಿ ಇದನ್ನೇ ಮಾಡಿ ನೋಡಿತು. ಹುಟ್ಟುವ ಮೊದಲೇ ಬೇರೆ ಇಲಿಯ ಕೋಶ ಚುಚ್ಚಿದರೆ, ದೊಡ್ಡದಾದ ಮೇಲೆ ಆ ಇಲಿಯ ಚರ್ಮ ಕಸಿ ಮಾಡಿದರೂ ದೇಹ ಒಪ್ಪಿಕೊಂಡಿತು.

ಬರ್ನೆಟ್ ತೀರ್ಮಾನ ಹೀಗಿತ್ತು. ಬೆಳವಣಿಗೆಯ ಮೊದಲ ದಿನಗಳಲ್ಲಿ ದೇಹ 'ನಮ್ಮವರು ಯಾರು' ಎಂಬ ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಯಲ್ಲಿರುವವರಿಗೆ ಕೂರುವ ಕೀಲಿಗಳಿದ್ದರೆ ಆ ಕೋಶಗಳನ್ನು ಆಗಲೇ ಕೊಂದುಬಿಡುತ್ತದೆ. ಉಳಿದ ಕೋಶಗಳ ಕೀಲಿ ಯಾವುದಕ್ಕಾದರೂ ಕೂತರೆ ಅದು ಹೊರಗಿನದು ಅಂತಲೇ ಅರ್ಥ. 1960ರಲ್ಲಿ ಬರ್ನೆಟ್ ಮತ್ತು ಮೆಡವಾರ್‌ಗೆ ನೊಬೆಲ್ ಬಂತು.

ಈ ಸೋಸುವ ಕೆಲಸ ಟಿ ಕೋಶಗಳ ಮಟ್ಟಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ನಡೆಯುತ್ತದೆ. 1961ರಲ್ಲಿ ಜಾಕ್ ಮಿಲ್ಲರ್ ಹೇಳುವವರೆಗೂ ಆ ಗ್ರಂಥಿ ಕೆಲಸಕ್ಕೆ ಬಾರದ್ದು ಅಂತಲೇ ಎಲ್ಲರೂ ನಂಬಿದ್ದರು. ಅಲ್ಲಿ ಎಳೆಯ ಟಿ ಕೋಶಗಳಿಗೆ ದೇಹದ ಬೇರೆಬೇರೆ ಅಂಗಗಳ ಪ್ರೊಟೀನುಗಳ ಮಾದರಿ ತೋರಿಸಲಾಗುತ್ತದೆ. ಬಲವಾಗಿ ಅಂಟಿಕೊಂಡರೆ ಕಥೆ ಮುಗಿಯಿತು.

ನಮ್ಮವರು–ಹೊರಗಿನವರು ಎಂಬ ಈ ಮಾದರಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಶಾಲೆಯ ಪುಸ್ತಕಗಳಲ್ಲಿ ಇಂದಿಗೂ ಸೈನಿಕ, ಗಡಿ, ಶತ್ರು ಎಂಬ ಚಿತ್ರಗಳೇ ಇರುತ್ತವೆ. ಮಾದರಿ ಸರಳ. ಅಂಗಾಂಗ ಕಸಿಯನ್ನು ದೇಹ ಯಾಕೆ ತಿರಸ್ಕರಿಸುತ್ತದೆ ಎಂಬುದಕ್ಕೆ ನೇರ ಉತ್ತರ ಇದರಲ್ಲಿದೆ. 1954ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರಿ ಮಾಡಿದ ಮೂತ್ರಪಿಂಡದ ಕಸಿ ಗೆದ್ದದ್ದು, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ.

ಲೆಕ್ಕಕ್ಕೆ ಸಿಗದ ಸಂಗತಿಗಳು

ಆದರೆ ಸುತ್ತ ನೋಡಿದರೆ ಈ ಮಾದರಿಗೆ ಒಗ್ಗದ ಸಂಗತಿಗಳು ತುಂಬಾ ಇವೆ.

ಗರ್ಭದಲ್ಲಿರುವ ಮಗು ಅರ್ಧ ಅಪ್ಪನದು. ತಾಯಿಯ ಮಟ್ಟಿಗೆ ಅದು ಹೊರಗಿನದೇ. ಆದರೂ ಒಂಬತ್ತು ತಿಂಗಳು ದೇಹ ಅದನ್ನು ಹೊತ್ತುಕೊಳ್ಳುತ್ತದೆ. ಈ ಪ್ರಶ್ನೆ ಎತ್ತಿದ್ದು ಸ್ವತಃ ಮೆಡವಾರ್. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುಕಡಿಮೆ ನಮ್ಮ ಕೋಶಗಳಷ್ಟೇ ಇದೆ. ಅವುಗಳ ಮೇಲೂ ಯುದ್ಧವಿಲ್ಲ. ತಿನ್ನುವ ಅನ್ನವೂ ಹೊರಗಿನದೇ. ಹದಿಹರೆಯದಲ್ಲೂ ಆಮೇಲೂ ದೇಹ ಹೊಸಹೊಸ ಪ್ರೊಟೀನುಗಳನ್ನು ತಯಾರಿಸತೊಡಗುತ್ತದೆ. ಎದೆಹಾಲಿನದು, ವೀರ್ಯಾಣುವಿನದು. ಶೈಶವದ ಪಟ್ಟಿಯಲ್ಲಿ ಇವು ಇರಲು ಹೇಗೆ ಸಾಧ್ಯ?

ಇನ್ನೊಂದು ತೊಡಕು ಬರೀ ಲೆಕ್ಕದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ್ದೂ ಅದೇ. ಒಂದು ಟಿ ಕೋಶಕ್ಕೆ ಒಂದೇ ಗುರಿ ಅಂತಿಟ್ಟುಕೊಳ್ಳಿ. ಜಗತ್ತಿನಲ್ಲಿ ಬರಬಹುದಾದ ಎಲ್ಲ ಪ್ರೊಟೀನ್ ತುಣುಕುಗಳಿಗೂ ಒಂದೊಂದು ಕೋಶ ಬೇಕು ಅಂದರೆ, ಆ ಕೋಶಗಳ ತೂಕ ದೇಹದ ತೂಕವನ್ನೇ ಮೀರುತ್ತದೆ. ಹಾಗಾಗಿ ಒಂದೇ ಟಿ ಕೋಶ ಹತ್ತು ಲಕ್ಷಕ್ಕೂ ಜಾಸ್ತಿ ಬಗೆಯ ತುಣುಕುಗಳಿಗೆ ಸ್ಪಂದಿಸಲೇಬೇಕು ಎಂದು ಡಾನ್ ಮೇಸನ್ 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂದರೆ ಕೀಲಿಗಳು ಸಡಿಲ. ಸಡಿಲ ಕೀಲಿಗಳಲ್ಲಿ ಎಷ್ಟೋ ನಮ್ಮದೇ ಬೀಗಗಳಿಗೂ ಕೂರುತ್ತವೆ. ಅವನ್ನೆಲ್ಲ ಥೈಮಸ್ ಕೊಂದುಹಾಕಿದರೆ ರೋಗಾಣುವಿನ ಎದುರು ನಿಲ್ಲಲು ಯಾರೂ ಉಳಿಯುವುದಿಲ್ಲ. ಬಿಟ್ಟುಕೊಟ್ಟರೆ ಮನೆಯೊಳಗೇ ಅಪಾಯ. ನಿಜವಾಗಿ ಆಗುವುದು ಎರಡನೆಯದು. ಪೂರ್ತಿ ಆರೋಗ್ಯವಂತರ ರಕ್ತದಲ್ಲೂ ತಮ್ಮದೇ ದೇಹಕ್ಕೆ ಸ್ಪಂದಿಸುವ ಟಿ ಕೋಶಗಳು ಸಿಗುತ್ತವೆ. ಅವು ಇರುತ್ತವೆ, ಸುಮ್ಮನಿರುತ್ತವೆ. ಸುಮ್ಮನಿರಿಸುವುದು ಯಾರು?

ಜೇನ್‌ವೇ ಒಪ್ಪಿಕೊಂಡ ಗುಟ್ಟು

ಲಸಿಕೆ ಮಾಡುವವರಿಗೆ ಒಂದು ವಿಷಯ ಮೊದಲಿಂದ ಗೊತ್ತಿತ್ತು. ಶುದ್ಧವಾದ ಹೊರಗಿನ ಪ್ರೊಟೀನನ್ನು ಹಾಗೇ ಚುಚ್ಚಿದರೆ ದೇಹ ಹೆಚ್ಚಾಗಿ ಕ್ಯಾರೇ ಅನ್ನುವುದಿಲ್ಲ. ಜೊತೆಗೆ ಏನಾದರೂ ಕಿರಿಕಿರಿ ಮಾಡುವ ವಸ್ತು ಬೆರೆಸಬೇಕು. 1926ರಲ್ಲಿ ಅಲೆಕ್ಸಾಂಡರ್ ಗ್ಲೆನಿ ಅಲ್ಯುಮಿನಿಯಂ ಲವಣ ಬೆರೆಸಿದರು. ಸತ್ತ ಬ್ಯಾಕ್ಟೀರಿಯಾಗಳನ್ನು ಬೆರೆಸುವ ಪದ್ಧತಿಯೂ ಇತ್ತು. ಇದಕ್ಕೆ ಅಡ್ಜುವಂಟ್ ಅಂತ ಹೆಸರು. ಹೊರಗಿನದು ಅಂತ ಗೊತ್ತಾದರೆ ಸಾಕು, ದೇಹ ಏರಿ ಹೋಗುತ್ತದೆ ಅನ್ನುವ ಸಿದ್ಧಾಂತಕ್ಕೆ ಇದು ಮುಜುಗರದ ವಿಷಯ. 1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಇದನ್ನು ನಮ್ಮ ವೃತ್ತಿಯ ಕೊಳಕು ಗುಟ್ಟು ಎಂದೇ ಕರೆದರು.

ಅವರ ಉತ್ತರ ಇದು. ಕೀಲಿ ಕೂತರೆ ಮಾತ್ರ ಸಾಲದು, ಎರಡನೇ ಸಂಕೇತವೂ ಬೇಕು. ಎರಡು ಸಂಕೇತಗಳ ಮಾತು 1970ರಲ್ಲೇ ಪೀಟರ್ ಬ್ರೆಚರ್ ಮತ್ತು ಮೆಲ್ವಿನ್ ಕೋನ್ ಆಡಿದ್ದರು. ಜೇನ್‌ವೇ ಆ ಎರಡನೇ ಸಂಕೇತ ಕೊಡುವವರು ಯಾರೆಂದು ಹೇಳಿದರು: ವಿಕಾಸದ ಲೆಕ್ಕದಲ್ಲಿ ತುಂಬ ಪುರಾತನವಾದ ಕಾವಲು ಕೋಶಗಳು. ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಮೈಮೇಲಿನ ಕೆಲವು ರಚನೆಗಳು ನಮ್ಮಲ್ಲಿ ಇಲ್ಲ. ಅವನ್ನು ಗುರುತಿಸುವ ಕಣ್ಣುಗಳು ಹುಟ್ಟಿನಿಂದಲೇ ಈ ಕೋಶಗಳಿಗೆ ಇರಬೇಕು. ಅವು ಹಸಿರು ನಿಶಾನೆ ತೋರಿದ ಮೇಲಷ್ಟೇ ಟಿ ಕೋಶ ಹೊರಡುತ್ತದೆ. ಆಗ ಅಂಥ ಒಂದು ಕಣ್ಣನ್ನೂ ಯಾರೂ ನೋಡಿರಲಿಲ್ಲ. ಬರೀ ತರ್ಕ.

ಕಣ್ಣುಗಳು ಸಿಕ್ಕಿದ್ದು ಆಮೇಲೆ. 1996ರಲ್ಲಿ ಫ್ರಾನ್ಸ್‌ನ ಜೂಲ್ಸ್ ಹಾಫ್‌ಮನ್ ತಂಡ, ಟೋಲ್ ಎಂಬ ಜೀನ್ ಕೆಟ್ಟಿರುವ ಹಣ್ಣಿನ ನೊಣಗಳು ಶಿಲೀಂಧ್ರದ ಸೋಂಕಿಗೆ ಸಾಯುತ್ತವೆ ಎಂದು ಕಂಡಿತು. ಜೇನ್‌ವೇ ಲೇಖನವನ್ನು ಮಾಸ್ಕೋದಲ್ಲಿ ಓದಿ ಮರುಳಾಗಿ, ಅವರ ಬಳಿಗೇ ಬಂದು ಸೇರಿದ್ದ ರುಸ್ಲಾನ್ ಮೆಡ್ಜಿಟೋವ್ 1997ರಲ್ಲಿ ಮನುಷ್ಯರಲ್ಲೂ ಅಂಥದ್ದನ್ನು ತೋರಿಸಿದರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಬ್ಯಾಕ್ಟೀರಿಯಾದ ವಿಷವನ್ನು ಗುರುತಿಸುವ ಜೀನ್ ಹಿಡಿದರು. 2011ರ ನೊಬೆಲ್‌ನಲ್ಲಿ ಹಾಫ್‌ಮನ್, ಬಾಯ್ಟ್ಲರ್ ಹೆಸರುಗಳಿದ್ದವು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು.

ಯಾರು ಬಂದರು? ಏನು ಹಾಳಾಯಿತು?

ರೋಗಾಣುವೇ ಇಲ್ಲದ ಕಡೆ ದೇಹ ಯಾಕೆ ಉರಿದೇಳುತ್ತದೆ? ಕಸಿ ಮಾಡಿದ ಅಂಗದಲ್ಲಿ ಬ್ಯಾಕ್ಟೀರಿಯಾ ಇಲ್ಲ. ಗೌಟ್ ಎಂಬ ಕೀಲುಬಾವು ಬಂದ ಕಾಲಿನ ಬೆರಳಲ್ಲೂ ಇಲ್ಲ. ಜೇನ್‌ವೇ ಮಾದರಿ ಇಲ್ಲಿ ಮುಗ್ಗರಿಸುತ್ತದೆ.

1994ರಲ್ಲಿ ಪಾಲಿ ಮಾಟ್ಜಿಂಗರ್ ಹೇಳಿದ್ದು ಎಲ್ಲರನ್ನೂ ಕೆರಳಿಸಿತು. ಬಂದವರು ಯಾರು ಅಂತ ದೇಹ ಕೇಳುವುದೇ ಇಲ್ಲ, ಏನಾದರೂ ಹಾಳಾಯಿತೇ ಅಂತ ಕೇಳುತ್ತದೆ ಎಂದರು. ಕೋಶಗಳು ವಯಸ್ಸಾಗಿ ಅಚ್ಚುಕಟ್ಟಾಗಿ ಸತ್ತರೆ ಸದ್ದಾಗುವುದಿಲ್ಲ. ಒಡೆದು, ಸಿಡಿದು ಸತ್ತರೆ ಒಳಗಿನ ಸಾಮಾನು ಹೊರಗೆ ಚೆಲ್ಲುತ್ತದೆ. ಆ ಚೆಲ್ಲಾಪಿಲ್ಲಿಯೇ ಅಪಾಯದ ಗಂಟೆ. ಮಗು, ಅನ್ನ, ಕರುಳಿನ ಬ್ಯಾಕ್ಟೀರಿಯಾ ಏನನ್ನೂ ಒಡೆಯುವುದಿಲ್ಲ. ಅದಕ್ಕೇ ಜಗಳವಿಲ್ಲ. ಅಂದಹಾಗೆ ಈಕೆ 1978ರಲ್ಲಿ ಒಂದು ಗಂಭೀರ ಸಂಶೋಧನಾ ಲೇಖನಕ್ಕೆ ತನ್ನ ನಾಯಿಯನ್ನು ಸಹಲೇಖಕಿಯಾಗಿ ಸೇರಿಸಿದ್ದವರು. ಪದ್ಧತಿಯನ್ನು ಪ್ರಶ್ನಿಸುವುದು ಅವರಿಗೆ ಹೊಸದೇನಲ್ಲ.

ಪುರಾವೆಗಳು ಬರುತ್ತಾ ಹೋದವು. ಸಾಯುವ ಕೋಶಗಳಿಂದ ಹೊರಬರುವ ಯೂರಿಕ್ ಆ್ಯಸಿಡ್ ಇಂಥ ಒಂದು ಗಂಟೆ ಎಂದು 2003ರಲ್ಲಿ ಗೊತ್ತಾಯಿತು. ಗೌಟ್‌ನಲ್ಲಿ ಕೀಲುಗಳಲ್ಲಿ ಕೂರುವ ಹರಳುಗಳೂ ಅದರವೇ.

ಎದುರು ವಾದವೂ ಜೋರಾಗಿದೆ. ಗಾಯವೇ ಕಾರಣವಾದರೆ ತದ್ರೂಪಿ ಅವಳಿಯ ಮೂತ್ರಪಿಂಡ ಯಾಕೆ ಉಳಿಯಿತು? ಕತ್ತರಿ, ಹೊಲಿಗೆ ಅಲ್ಲೂ ಇತ್ತಲ್ಲ? ಮಾಟ್ಜಿಂಗರ್ ಕಡೆಯವರು, ಗಂಟೆ ಬಾರಿಸಿದರೂ ಕೀಲಿ ಕೂರುವ ಟಿ ಕೋಶ ಇರಬೇಕಲ್ಲ, ತದ್ರೂಪಿಯಲ್ಲಿ ಅದಕ್ಕೆ ಹೊಸದೇನೂ ಕಾಣುವುದಿಲ್ಲ ಅನ್ನುತ್ತಾರೆ. ಸರಿ, ಆದರೆ ಹಾಗೆ ಹೇಳಿದ ಕೂಡಲೇ ಬರ್ನೆಟ್ ಹಿಂಬಾಗಿಲಿಂದ ಒಳಗೆ ಬಂದಂತಾಯಿತು. ನಮ್ಮವರು–ಹೊರಗಿನವರು ಎಂಬ ಭೇದ ಹೋಗಲಿಲ್ಲ, ಅದರ ಮೇಲೆ ಇನ್ನೊಂದು ಶರತ್ತು ಸೇರಿತು.

2010ರಲ್ಲಿ ಬಂದ ಒಂದು ಸಂಗತಿ ಇಬ್ಬರ ಜಗಳವನ್ನೂ ವಿಚಿತ್ರವಾಗಿ ಕಲಸಿಹಾಕಿತು. ದೊಡ್ಡ ಪೆಟ್ಟು ಬಿದ್ದವರ ರಕ್ತಕ್ಕೆ ಒಡೆದ ಕೋಶಗಳಿಂದ ಮೈಟೋಕಾಂಡ್ರಿಯಾದ ಚೂರುಗಳು ಸೇರುತ್ತವೆ. ಸೋಂಕಿಲ್ಲದಿದ್ದರೂ ಸೋಂಕಿನಂತೆಯೇ ದೇಹ ಉರಿದೇಳಲು ಇದೂ ಒಂದು ಕಾರಣ. ಮೈಟೋಕಾಂಡ್ರಿಯಾ ಅಂದರೆ ಯಾರು? ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಕೋಶಗಳ ಒಳಗೆ ಬಂದು ಉಳಿದ ಬ್ಯಾಕ್ಟೀರಿಯಾ. ಹಾಗಾದರೆ ದೇಹ ಕಂಡದ್ದು ಗಾಯವನ್ನೋ, ಬ್ಯಾಕ್ಟೀರಿಯಾವನ್ನೋ? ಎರಡೂ ಅನ್ನಬಹುದು.

ಮಾನ ಕಳೆದುಕೊಂಡ ಒಂದು ಪದ

ಇಷ್ಟೂ ಮಾದರಿಗಳು ಗಾಡಿಯನ್ನು ಸ್ಟಾರ್ಟ್ ಮಾಡುವುದು ಹೇಗೆ ಎಂಬುದರ ಬಗ್ಗೆ. ನಿಲ್ಲಿಸುವುದು ಹೇಗೆ?

1970ರ ಸುಮಾರಿಗೆ ರಿಚರ್ಡ್ ಗರ್ಶನ್, ಇತರ ಕೋಶಗಳನ್ನು ಅದುಮಿಡುವ ಟಿ ಕೋಶಗಳಿವೆ ಎಂದರು. ಸಪ್ರೆಸರ್ ಕೋಶ ಅಂತ ಹೆಸರಿಟ್ಟರು. ಹತ್ತಾರು ಲ್ಯಾಬುಗಳು ಅದರ ಹಿಂದೆ ಬಿದ್ದವು. ಅದುಮುವ ಕೋಶ, ಅದನ್ನು ಅದುಮುವ ಕೋಶ ಅಂತ ಸರಪಳಿ ಬೆಳೆಯಿತು. ಈ ಕೋಶಗಳ ಗುರುತಾದ ಒಂದು ಜೀನ್ ಇಲಿಯ ವರ್ಣತಂತುವಿನ ಇಂಥ ಜಾಗದಲ್ಲಿದೆ ಎಂದೂ ಹೇಳಿದರು. 1983ರಲ್ಲಿ ಆ ಜಾಗವನ್ನು ಓದಿ ನೋಡಿದರೆ ಅಲ್ಲಿ ಅಂಥ ಜೀನೇ ಇಲ್ಲ! ಇಡೀ ಕ್ಷೇತ್ರ ಕುಸಿಯಿತು. ಆಮೇಲೆ ಸಪ್ರೆಸರ್ ಅನ್ನುವ ಪದ ಬಾಯಿಗೆ ಬಂದರೆ ಸಂಶೋಧನೆಗೆ ದುಡ್ಡು ಸಿಗುವುದೂ ಕಷ್ಟ ಎಂಬಂಥ ಸ್ಥಿತಿ.

ಆಗಲೂ ಬಿಡದೆ ಹಿಡಿದುಕೊಂಡಿದ್ದವರಲ್ಲಿ ಸಕಾಗುಚಿ ಒಬ್ಬರು. ಅವರ ತಲೆಯಲ್ಲಿ ಕೂತಿದ್ದು 1969ರ ಒಂದು ಜಪಾನೀ ಪ್ರಯೋಗ. ಹುಟ್ಟಿದ ಕೂಡಲೇ ಇಲಿಯ ಥೈಮಸ್ ತೆಗೆದರೆ ಅದಕ್ಕೆ ಇಮ್ಯುನಿಟಿ ಇರುವುದಿಲ್ಲ. ಅದು ಗೊತ್ತಿದ್ದದ್ದೇ. ಮೂರನೇ ದಿನ ತೆಗೆದರೆ ಮಾತ್ರ ಉಲ್ಟಾ: ಇಮ್ಯುನಿಟಿ ಹುಚ್ಚೆದ್ದು ಇಲಿಯದೇ ಅಂಡಾಶಯವನ್ನು ತಿನ್ನುತ್ತದೆ. ಅಂದರೆ ದಾಳಿ ಮಾಡುವ ಕೋಶಗಳು ಥೈಮಸ್ಸಿನಿಂದ ಮೊದಲು ಹೊರಬಂದಿವೆ, ತಡೆಯುವವು ಆಮೇಲೆ ಬರಬೇಕಿತ್ತು, ಬರಲಿಲ್ಲ. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಕಾಯಿಲೆ ಬರುವುದಿಲ್ಲ ಎಂದು ಸಕಾಗುಚಿ ತೋರಿಸಿದರು. ಹತ್ತು ವರ್ಷಕ್ಕೂ ಮೇಲೆ ಹುಡುಕಿ, 1995ರಲ್ಲಿ ಆ ಕೋಶಗಳ ಮೈಮೇಲಿನ ಗುರುತು ಹಿಡಿದರು: ಸಿಡಿ25.

ಇತ್ತ ಅಮೆರಿಕದಲ್ಲಿ ಸ್ಕರ್ಫಿ ಎಂಬ ಇಲಿ ತಳಿ ಇತ್ತು. 1940ರ ದಶಕದಲ್ಲಿ ಓಕ್ ರಿಜ್‌ನ ವಿಕಿರಣ ಸಂಶೋಧನೆಯ ಲ್ಯಾಬಿನಲ್ಲಿ ತಾನಾಗಿ ಹುಟ್ಟಿದ್ದು. ಗಂಡುಗಳಿಗೆ ಚರ್ಮ ಹೊಟ್ಟುಹೊಟ್ಟಾಗಿ, ಕೆಲವೇ ವಾರಗಳಲ್ಲಿ ಸಾವು. ಬ್ರಂಕೋ ಮತ್ತು ರಾಮ್ಸ್‌ಡೆಲ್ ಕೆಟ್ಟ ಜೀನ್ ಯಾವುದೆಂದು ಹುಡುಕಲು ಕೂತರು. ಶಂಕಿತರ ಪಟ್ಟಿ ಇಪ್ಪತ್ತಕ್ಕೆ ಇಳಿಯಿತು. ಒಂದೊಂದಾಗಿ ನೋಡುತ್ತಾ ಹೋದರೆ ಸಿಕ್ಕಿದ್ದು ಇಪ್ಪತ್ತನೆಯದು. 2001ರಲ್ಲಿ ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಟ್ಟರು. ಅದೇ ಜೀನ್ ಕೆಟ್ಟ ಗಂಡು ಮಕ್ಕಳಿಗೆ ಐಪೆಕ್ಸ್ ಎಂಬ ತೀವ್ರ ಆಟೋಇಮ್ಯೂನ್ ಕಾಯಿಲೆ ಬರುತ್ತದೆ ಎಂದೂ ಗೊತ್ತಾಯಿತು. 2003ರಲ್ಲಿ ಎರಡು ದಾರಿಗಳು ಕೂಡಿದವು. ಸಕಾಗುಚಿಯ ಕೋಶಗಳನ್ನು ಟ್ರೆಗ್ ಆಗಿ ಮಾಡುವುದೇ ಫಾಕ್ಸ್‌ಪಿ3.

ಸಪ್ರೆಸರ್ ಬಿದ್ದಿತು, ಟ್ರೆಗ್ ನಿಂತಿತು. ವಿಚಾರ ಬಹುಮಟ್ಟಿಗೆ ಒಂದೇ. ವ್ಯತ್ಯಾಸ ಇಷ್ಟೇ: ಈ ಸಲ ಕೈಯಲ್ಲಿ ಒಂದು ಜೀನ್ ಇತ್ತು, ಅದು ಕೆಟ್ಟರೆ ಏನಾಗುತ್ತದೆ ಅಂತ ತೋರಿಸಲು ಇಲಿಗಳೂ ಮಕ್ಕಳೂ ಇದ್ದರು.

ಗಣಿತ ಕೈ ಹಾಕಿದಾಗ

ಎಲ್ಲ ಮಾದರಿಗಳಿಗೂ ಇಷ್ಟು ಅದೃಷ್ಟ ಇರಲಿಲ್ಲ. 1974ರಲ್ಲಿ ಯೆರ್ನೆ, ಪ್ರತಿಕಾಯಗಳು ಒಂದನ್ನೊಂದು ಗುರುತಿಸುತ್ತಾ ದೊಡ್ಡ ಬಲೆ ಹೆಣೆಯುತ್ತವೆ ಎಂಬ ಸಿದ್ಧಾಂತ ಮಂಡಿಸಿದರು. ಗಣಿತದವರಿಗೆ ಹಬ್ಬವಾಯಿತು. ಲ್ಯಾಬಿನಲ್ಲಿ ಪರೀಕ್ಷಿಸುವುದು ಹೇಗೆಂದು ಹೊಳೆಯದೆ ನಿಧಾನಕ್ಕೆ ಮರೆಗೆ ಸರಿಯಿತು.

ಎಚ್‌ಐವಿಯ ವಿಷಯದಲ್ಲಿ ಹಾಗಾಗಲಿಲ್ಲ. ಸೋಂಕು ತಗುಲಿ ವರ್ಷಗಟ್ಟಲೆ ರೋಗಿ ಚೆನ್ನಾಗಿರುವುದನ್ನು ನೋಡಿ, ವೈರಸ್ ನಿದ್ದೆಯಲ್ಲಿದೆ ಎಂದು ವೈದ್ಯರು ಭಾವಿಸಿದ್ದರು. 1995–96ರಲ್ಲಿ ಡೇವಿಡ್ ಹೋ, ಅಲನ್ ಪೆರೆಲ್ಸನ್ ಮುಂತಾದವರು ಔಷಧಿ ಕೊಟ್ಟ ಕೂಡಲೇ ವೈರಸ್ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದು ಸಮೀಕರಣಕ್ಕೆ ಹಾಕಿದರು. ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಕಣಗಳು! ನಿದ್ದೆಯ ಮಾತೇ ಇಲ್ಲ. ಹುಟ್ಟುವಷ್ಟನ್ನೂ ದೇಹ ದಿನದಿನವೂ ಹೊರಹಾಕುತ್ತಿದ್ದುದರಿಂದ ಹೊರಗೆ ಶಾಂತವಾಗಿ ಕಾಣುತ್ತಿತ್ತು. ಅಷ್ಟು ವೇಗದಲ್ಲಿ ಹುಟ್ಟುವ ವೈರಸ್ ಒಂದೇ ಔಷಧಿಯಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಒಟ್ಟಿಗೆ ಹಲವು ಔಷಧಿ ಕೊಡಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಮಾದರಿ ತಪ್ಪಿದರೆ ರೋಗಿಗೆ ಪೆಟ್ಟು

ಇದೆಲ್ಲ ಪಂಡಿತರ ಜಗಳ, ನಮಗೇನು ಅನ್ನಿಸಬಹುದು. ಆದರೆ ಔಷಧಿ ಮಾಡುವವರ ತಲೆಯಲ್ಲಿ ಯಾವ ಮಾದರಿ ಇದೆಯೋ, ರೋಗಿಗೆ ಸಿಗುವುದು ಆ ಔಷಧಿಯೇ.

ಕ್ಯಾನ್ಸರ್ ವಿಷಯದಲ್ಲಿ ದಶಕಗಟ್ಟಲೆ ಇಮ್ಯುನಿಟಿಯನ್ನು ಕೆರಳಿಸಲು ನೋಡಿದರು, ಹೆಚ್ಚೇನೂ ಗಿಟ್ಟಲಿಲ್ಲ. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಬೇರೆ ಕಡೆಯಿಂದ ಯೋಚಿಸಿದರು. ಆಕ್ಸಿಲರೇಟರ್ ತುಳಿಯುವುದು ಬಿಟ್ಟು ಬ್ರೇಕ್ ಬಿಡಿಸೋಣ. ಟಿ ಕೋಶದ ಮೈಮೇಲಿರುವ ಸಿಟಿಎಲ್‌ಎ-4, ಪಿಡಿ-1 ಎಂಬ ಬ್ರೇಕುಗಳನ್ನು ಮುಚ್ಚುವ ಔಷಧಿಗಳು ಬಂದವು. ಮೊದಲನೆಯದಕ್ಕೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2018ರಲ್ಲಿ ಇಬ್ಬರಿಗೂ ನೊಬೆಲ್. ಬ್ರೇಕ್ ಬಿಡಿಸಿದ್ದರ ಬೆಲೆಯೂ ಇದೆ. ಕೆಲವು ರೋಗಿಗಳಲ್ಲಿ ಕರುಳು, ಚರ್ಮ, ಥೈರಾಯ್ಡ್ ಮೇಲೆ ದೇಹವೇ ದಾಳಿ ಮಾಡುತ್ತದೆ. ಸುಮ್ಮನಿದ್ದ ಆ ಕೋಶಗಳು ನೆನಪಿವೆಯಲ್ಲ? ಅವು ಎದ್ದವು.

2006ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ನಡೆದದ್ದು ಇನ್ನೂ ಭಯಾನಕ. ಟಿಜಿಎನ್1412 ಎಂಬ ಔಷಧಿ ಟ್ರೆಗ್‌ಗಳನ್ನು ಹೆಚ್ಚಿಸಿ ಆಟೋಇಮ್ಯೂನ್ ಕಾಯಿಲೆಗಳನ್ನು ತಣಿಸುತ್ತದೆ ಎಂಬ ನಿರೀಕ್ಷೆ ಇತ್ತು. ಕೋತಿಗಳಿಗೆ ಏನೂ ಆಗಿರಲಿಲ್ಲ. ಅವಕ್ಕೆ ಸುರಕ್ಷಿತ ಎನಿಸಿದ್ದರ 500ನೇ ಒಂದು ಭಾಗವನ್ನಷ್ಟೇ ಆರು ಮಂದಿ ಆರೋಗ್ಯವಂತರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನ ತೀವ್ರ ನಿಗಾ ಘಟಕದಲ್ಲಿದ್ದರು. ಬ್ರೇಕ್ ಒತ್ತಬೇಕಿದ್ದ ಔಷಧಿ ಮನುಷ್ಯರಲ್ಲಿ ದಾಳಿಯ ಕೋಶಗಳನ್ನೇ ಒಟ್ಟಿಗೆ ಎಬ್ಬಿಸಿತ್ತು. ಔಷಧಿ ಅಂಟಿಕೊಳ್ಳುವ ಜಾಗ ಕೋತಿಯ ಆ ಬಗೆಯ ಕೋಶಗಳಲ್ಲಿ ಇರಲೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಅದೃಷ್ಟಕ್ಕೆ ಆರೂ ಮಂದಿ ಬದುಕಿದರು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಯ ನಿಯಮಗಳು ಇದರಿಂದ ಬಿಗಿಯಾದವು.

ಐಎಲ್-2 ಎಂಬ ವಸ್ತುವಿನ ಕಥೆ ಇನ್ನೊಂದು ಬಗೆಯದು. ಟಿ ಕೋಶಗಳನ್ನು ಬೆಳೆಸುತ್ತದೆ ಎಂದು 1992ರಲ್ಲಿ ಮೂತ್ರಪಿಂಡದ ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಕೊಡಲು ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಆದರೆ ಐಎಲ್-2 ಇಲ್ಲದ ಇಲಿಗಳನ್ನು ಮಾಡಿ ನೋಡಿದರೆ, ಅವು ಬಲಹೀನವಾಗುವ ಬದಲು ಆಟೋಇಮ್ಯೂನ್ ಕಾಯಿಲೆಗೆ ಬಿದ್ದವು. ಕಾರಣ ಸಕಾಗುಚಿಯ ಗುರುತಿನಲ್ಲೇ ಇತ್ತು. ಸಿಡಿ25 ಅಂದರೆ ಐಎಲ್-2 ಅನ್ನು ಹಿಡಿಯುವ ಕೈ. ಟ್ರೆಗ್‌ಗಳಿಗೆ ಅದು ಯಾವಾಗಲೂ ಚಾಚಿಯೇ ಇರುತ್ತದೆ. ಸ್ವಲ್ಪವೇ ಸುರಿದರೆ ಮೊದಲು ಬಾಚಿಕೊಳ್ಳುವುದು ಟ್ರೆಗ್, ಜಾಸ್ತಿ ಸುರಿದರೆ ದಾಳಿಯ ಕೋಶಗಳಿಗೂ ಸಿಗುತ್ತದೆ. ಹಾಗಾಗಿ 2011ರಿಂದೀಚೆಗೆ ಅದೇ ಔಷಧಿಯನ್ನು ಚಿಟಿಕೆಯಷ್ಟು ಕೊಟ್ಟು ಇಮ್ಯುನಿಟಿಯನ್ನು ತಣಿಸುವ ಪ್ರಯೋಗಗಳು ನಡೆಯುತ್ತಿವೆ. ಇಂಥ ಔಷಧಿಯ ಎದುರು 'ಇಮ್ಯುನಿಟಿ ಹೆಚ್ಚಿಸುತ್ತದೆಯಾ' ಅಂತ ಕೇಳಿದರೆ ಉತ್ತರ ಕೊಡಲು ಆಗುವುದೇ ಇಲ್ಲ.

ಬ್ರೇಕ್ ಒತ್ತು ಅಂತ ಹೇಳುವವರು ಯಾರು?

ನೊಬೆಲ್ ಬಂತು ಅಂದ ಮಾತ್ರಕ್ಕೆ ಜಗಳ ಮುಗಿದಿಲ್ಲ. ಹಳೆಯ ಪಂಥದವರು ಟ್ರೆಗ್ ಅನ್ನು ಬರ್ನೆಟ್ ಮಾದರಿಗೆ ಹಾಕಿದ ತೇಪೆ ಅನ್ನುತ್ತಾರೆ: ಥೈಮಸ್‌ನಿಂದ ತಪ್ಪಿಸಿಕೊಂಡವರನ್ನು ಹೊರಗೆ ಹಿಡಿಯುವ ಎರಡನೇ ಕಾವಲು. ಇನ್ನು ಕೆಲವರು, ತೀರ್ಮಾನ ಒಂದು ಕೋಶದ ಕೈಯಲ್ಲೇ ಇಲ್ಲ, ದಾಳಿ ಮಾಡುವವರ ಮತ್ತು ತಡೆಯುವವರ ನಡುವಿನ ತೂಕದಲ್ಲಿ ಅದು ಮೂಡುತ್ತದೆ ಅನ್ನುತ್ತಾರೆ. ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಬರೀ ಎರಡನೇ ಕಾವಲಾಗಿದ್ದರೆ, ಅದೊಂದು ಇಲ್ಲದ ಕೂಡಲೇ ಸ್ಕರ್ಫಿ ಇಲಿ ಕೆಲವೇ ವಾರಗಳಲ್ಲಿ ಸಾಯಬೇಕಿರಲಿಲ್ಲ.

ಈಗ ಎರಡು ವಿರುದ್ಧ ದಿಕ್ಕುಗಳಲ್ಲಿ ಕೆಲಸ ಸಾಗಿದೆ. ಗೆಡ್ಡೆಗಳ ಒಳಗೆ ಟ್ರೆಗ್‌ಗಳು ಗುಂಪುಗೂಡಿ ಕ್ಯಾನ್ಸರನ್ನು ಕಾಪಾಡುತ್ತವೆ. ಹಾಗಾಗಿ ಕ್ಯಾನ್ಸರಿನವರು ಅವನ್ನು ಓಡಿಸಲು ನೋಡುತ್ತಿದ್ದಾರೆ. ಕಸಿ ಮತ್ತು ಆಟೋಇಮ್ಯೂನ್ ಕಾಯಿಲೆಗಳವರು ರೋಗಿಯ ಟ್ರೆಗ್‌ಗಳನ್ನು ಹೊರತೆಗೆದು, ಬೆಳೆಸಿ, ಒಂದೇ ಅಂಗಕ್ಕೆ ಹೋಗಿ ಕೂರುವಂತೆ ತಿದ್ದಿ ವಾಪಸ್ ಕೊಡಲು ನೋಡುತ್ತಿದ್ದಾರೆ.

ಈ ಎರಡನೇ ಪ್ರಯೋಗ ಸಿದ್ಧಾಂತಗಳಿಗೂ ಪರೀಕ್ಷೆ. ಉರಿಯೂತ ಜೋರಾಗಿರುವ ಕಡೆ ಟ್ರೆಗ್‌ಗಳು ಫಾಕ್ಸ್‌ಪಿ3 ಕಳೆದುಕೊಂಡು ದಾಳಿಕೋರರ ಕಡೆಗೆ ಸೇರಬಹುದು ಎಂದು ಕೆಲವು ಇಲಿ ಪ್ರಯೋಗಗಳು ಹೇಳುತ್ತವೆ, ಹಾಗಾಗುವುದಿಲ್ಲ ಎಂದು ಇನ್ನು ಕೆಲವು. ಟ್ರೆಗ್‌ನ ಗುರುತು ಗಟ್ಟಿಯಾದದ್ದಾದರೆ, ಸರಿಯಾದ ಅಂಗಕ್ಕೆ ಕಳಿಸಿದರೆ ಸಾಕು, ಅದು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮಾಟ್ಜಿಂಗರ್ ಹೇಳುವಂತೆ ಸುತ್ತಲಿನ ಗಾಯದ ಸದ್ದೇ ಮುಖ್ಯವಾದರೆ, ಮೊದಲು ಉರಿಯನ್ನು ತಣಿಸಿ ಆಮೇಲೆ ಟ್ರೆಗ್ ಕೊಡಬೇಕಾಗುತ್ತದೆ. ರೋಗಿಗೆ ಯಾವುದನ್ನು ಮೊದಲು ಕೊಡಬೇಕು ಎಂಬ ಈ ಚಿಕ್ಕ ಪ್ರಶ್ನೆಯಲ್ಲೇ ಎರಡು ಸಿದ್ಧಾಂತಗಳೂ ಮುಖಾಮುಖಿಯಾಗಿ ನಿಂತಿವೆ.